ಗುಮ್ಮಟ ಯಾರ ಕೈಯಲ್ಲಿ?

ಪುಣೆಯಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಭೋರ್ ದೊಡ್ಡ ಊರೇನಲ್ಲ. ನೀರಾ ನದಿ, ಸಂಸ್ಥಾನದ ಕಾಲದ ಅರಮನೆ, ಹತ್ತಿರದಲ್ಲೇ ಭಾಟ್‌ಘರ್ ಅಣೆಕಟ್ಟು. 1948ರಲ್ಲಿ ಬಾಂಬೆ ಪ್ರಾಂತಕ್ಕೆ ಸೇರುವ ತನಕ ಪಂತ ಸಚಿವರ ಮನೆತನ ಇದನ್ನು ಆಳುತ್ತಿತ್ತು. ಊರಿನ ಹತ್ತಿರ ರೋಹಿಡಾ ಎಂಬ ಕೋಟೆಯಿದೆ, ವಿಚಿತ್ರಗಡ ಅಂತಲೂ ಕರೆಯುತ್ತಾರೆ. ಅದರ ಮೂರನೆಯ ಬಾಗಿಲಿನ ಅಕ್ಕಪಕ್ಕ ಮರಾಠಿಯಲ್ಲೂ ಪಾರಸಿಯಲ್ಲೂ ಕೆತ್ತಿದ ಶಾಸನಗಳು ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಕಾಲದವು. 1656ರಲ್ಲಿ ತೀರಿಕೊಂಡ ಆ ಸುಲ್ತಾನನನ್ನು ಮಣ್ಣು ಮಾಡಿದ ಕಟ್ಟಡವನ್ನು ಕನ್ನಡದ ಮಕ್ಕಳೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿರುತ್ತಾರೆ. ಅದು ಗೋಲಗುಮ್ಮಟ.

ಗೋಲಗುಮ್ಮಟದಲ್ಲಿ ಮಕ್ಕಳು ಮಾಡುವುದೇನೆಂದು ಹೇಳಬೇಕಾಗಿಲ್ಲ. ಕೂಗುತ್ತಾರೆ. ಒಂದು ಕೂಗು ಹಲವು ಸಲ ಮರಳಿ ಬರುತ್ತದೆ. ಗೈಡ್ ಈ ಕಡೆ ನಿಂತು ಕಾಗದ ಹರಿದರೆ ಆ ಕಡೆ ಕೇಳುತ್ತದೆ. ಆದರೆ ಅಲ್ಲಿ ಇಬ್ಬರು ನಿಂತು ಮಾತಾಡಲು ಹೋದರೆ ಮಾತು ಮಾತಿನ ಮೇಲೆ ಬಿದ್ದು ಕಲಸುಮೇಲೋಗರವಾಗುತ್ತದೆ. ಗುಮ್ಮಟ ದನಿಯನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಮಸುಕು ಮಾಡುತ್ತದೆ. ಸಂಗೀತದ ಮಿಕ್ಸರ್‌ಗಳ ಚರಿತ್ರೆಯ ಅರ್ಧ ಭಾಗ ಇದೇ ಲಾಭನಷ್ಟದ ಲೆಕ್ಕಾಚಾರ. ಆ ಲೆಕ್ಕ ಎಲ್ಲರಿಗಿಂತ ಹೆಚ್ಚು ಕಾಡಿದ್ದು ಬೇಸ್ ಗಿಟಾರ್ ನುಡಿಸುವವರನ್ನು.

ಗಣಪತಿ ಹಬ್ಬದ ದಿನಗಳಲ್ಲಿ, ಊರ ಜಾತ್ರೆಯಲ್ಲಿ, ಮದುವೆಯ ಹಿಂದಿನ ರಾತ್ರಿ ಭೋರಿನಂಥ ತಾಲ್ಲೂಕು ಊರುಗಳಲ್ಲಿ ಕಟ್ಟುವ ಆರ್ಕೆಸ್ಟ್ರಾ ವೇದಿಕೆಗಳು ನಿಪ್ಪಾಣಿಯಲ್ಲೋ ಜಮಖಂಡಿಯಲ್ಲೋ ಕಟ್ಟುವವಕ್ಕಿಂತ ಬೇರೆಯಲ್ಲ. ಪಕ್ಕದಲ್ಲಿ ಬಾಡಿಗೆಗೆ ಬಂದ ಮಿಕ್ಸರ್. ಅದರ ಬಲ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ, ಅದರ ಸುತ್ತ ಅಥವಾ ಕೆಳಗೆ ಒಂದು ಪಟ್ಟಿ: ಹಾಲ್, ರೂಮ್, ಪ್ಲೇಟ್, ಎಕೋ, ಕೋರಸ್, ಫ್ಲ್ಯಾಂಜರ್, ಡಿಸ್ಟಾರ್ಷನ್. ಮೈಕ್‌ಸೆಟ್‌ನವರ ಮಾತಿನಲ್ಲಿ ಇದಿಷ್ಟಕ್ಕೂ ಒಂದೇ ಹೆಸರು, ‘ಎಕೋ’. ಕನ್ನಡದಲ್ಲಿ ಮಾರ್ದನಿ ಬೇರೆ, ಅನುರಣನ ಬೇರೆ. ಮಾರ್ದನಿಯಲ್ಲಿ ದನಿ ಎಣಿಸಬಹುದಾದ ಹಾಗೆ ಬಿಡಿಬಿಡಿಯಾಗಿ ಮರಳುತ್ತದೆ, ಅನುರಣನದಲ್ಲಿ ಎಣಿಕೆಗೆ ಸಿಗದೆ ಕರಗುತ್ತ ಹೋಗುತ್ತದೆ. ವೇದಿಕೆಯ ಕೆಳಗೆ ಈ ಭೇದಕ್ಕೆ ಬೆಲೆಯಿಲ್ಲ. ‘ಎಕೋ ಸ್ವಲ್ಪ ಬಿಡಿ’ ಅಂದರೆ ಸಾಕು, ಕೆಲಸ ನಡೆಯುತ್ತದೆ.

ಇಂಥ ಸಣ್ಣ ಮಿಕ್ಸರ್‌ನ ಒಳಗಿರುವುದು ಸಾಮಾನ್ಯವಾಗಿ ಒಂದೇ ಎಫೆಕ್ಟ್ ಯಂತ್ರ. ಗಾಯಕಿಗೂ ಕೊಳಲಿಗೂ ಢೋಲಕಿಗೂ ಬೇಸ್ ಗಿಟಾರಿಗೂ ಅದೇ. ಗಾಯಕಿಗೆಂದು ‘ಹಾಲ್’ ಇಟ್ಟ ಹೊತ್ತಿನಲ್ಲಿ ಬೇಸ್ ನುಡಿಸುವವನು ತನಗೆ ಕೋರಸ್ ಬೇಕೆಂದರೆ ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡಬೇಕು, ಮತ್ತು ಅದು ಯಾವತ್ತೂ ಗಾಯಕಿ ಆಗಿರುವುದಿಲ್ಲ. ಇನ್ನೊಂದು ದಾರಿ, ಅವನೇ ದುಡ್ಡು ಹಾಕಿ ಕಾಲಡಿಯ ಪೆಡಲುಗಳನ್ನು ಕೊಂಡು ತರುವುದು. ಮಿಕ್ಸರ್‌ನ ಬಾಡಿಗೆ ಮಂಡಳಿಯದು, ಪೆಡಲ್ ಅವನ ಜೇಬಿನದು. ಮಿಕ್ಸರ್ ಮೇಲೆ ಬೆರಳಿಡುವವನು ಬೇರೆಯವನು, ಪೆಡಲ್ ಮೇಲೆ ಕಾಲಿಡುವವನು ತಾನೇ. ಹಾಗಾಗಿ ಒಳಗಿನದೋ ಹೊರಗಿನದೋ ಎಂಬ ಪ್ರಶ್ನೆ ಬರೀ ತಂತಿ-ಜಾಕುಗಳದ್ದಲ್ಲ. ತಾನು ನುಡಿಸಿದ ದನಿ ಜನರ ಕಿವಿ ಮುಟ್ಟುವಷ್ಟರಲ್ಲಿ ಏನಾಗಿರಬೇಕೆಂದು ಯಾರು ತೀರ್ಮಾನಿಸಬೇಕು ಎಂಬುದೂ ಅದರೊಳಗೆ ಸೇರಿಕೊಂಡಿದೆ.

ಈ ಜಗಳ ಹುಟ್ಟಿದ ಬಗೆ ಸೊಗಸಾಗಿದೆ. 1960ರ ಕೊನೆಯಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಬ್ರಾಡ್ಲಿ ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರನ್ನು ಮಿಕ್ಸರ್‌ಗೆ ಸೇರಿಸಿ ನುಡಿಸುತ್ತಿದ್ದ. ನಡುವೆ ಒಂದು ಸಣ್ಣ ಏಕಾಂಗಿ ನುಡಿತ. ಅಲ್ಲಿಗೆ ಬಂದಾಗ ಮಿಕ್ಸರ್‌ನ ಆ ಚಾನೆಲ್ಲಿನೊಳಗೆ ಏನೋ ಕೆಟ್ಟಿತು. ದಪ್ಪನೆಯ ಮೆತ್ತಗಿನ ಬೇಸ್ ಬರಬೇಕಾದಲ್ಲಿ ಹರಕು ತಮಟೆಗೆ ಜೇನ್ನೊಣ ಕೂತಂಥ ಗರಗರ ಸದ್ದು ಬಂತು. ತಿದ್ದಬೇಕೋ ಬಿಡಬೇಕೋ ಎಂದು ಚರ್ಚೆಯಾಗಿ, ಕೊನೆಗೆ ಹಾಗೇ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಗರಗರ ಸದ್ದು ನಮಗೂ ಬೇಕೆಂದು ಬೇರೆ ಕಲಾವಿದರು ಕೇಳತೊಡಗಿದರು.

ತಾಪತ್ರಯ ಶುರುವಾದದ್ದು ಅಲ್ಲಿಂದ. ಸದ್ದು ಹುಟ್ಟಿದ್ದು ಮಿಕ್ಸರ್‌ನ ಒಳಗೆ, ಅದೂ ಕೆಟ್ಟ ಭಾಗದಿಂದ. ಕೆಟ್ಟದ್ದು ಪೂರ್ತಿ ಕೆಟ್ಟುಹೋದರೆ ಸದ್ದೂ ಹೋಯಿತು, ರಿಪೇರಿ ಮಾಡಿದರೂ ಹೋಯಿತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಡುಕನ್ನೇ ಬೇಕಾದಾಗ ಬರಿಸಿ ಬೇಡವಾದಾಗ ನಿಲ್ಲಿಸುವಂತೆ, ರೆವಿಸ್ ಹಾಬ್ಸ್ ಎಂಬ ಜೊತೆಗಾರನೊಡನೆ ಕೂತು, ಟ್ರಾನ್ಸಿಸ್ಟರ್‌ಗಳ ಒಂದು ಸರ್ಕೀಟು ಮಾಡಿದ. ಅದನ್ನು ಕೊಂಡ ಗಿಬ್ಸನ್ ಕಂಪನಿ 1962ರಲ್ಲಿ ‘ಮಾಯೆಸ್ಟ್ರೋ ಫಜ್-ಟೋನ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕಾಲಿನಿಂದ ಒತ್ತುವ, ಬೆಣೆಯಾಕಾರದ ಸಣ್ಣ ಪೆಟ್ಟಿಗೆ. ಮೂರು ವರ್ಷ ಅದನ್ನು ಕೇಳುವವರೇ ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ತುಳಿದ ಮೇಲೆ ಅಂಗಡಿಗಳಲ್ಲಿ ಪೆಟ್ಟಿಗೆ ಉಳಿಯಲಿಲ್ಲ. ಗಿಟಾರ್ ಜಗತ್ತು ಈ ಕತೆಯನ್ನು ತನ್ನದೆಂದು ಹೇಳಿಕೊಳ್ಳುತ್ತದೆ. ಮೊದಲು ಗರಗರ ಅಂದದ್ದು ಬೇಸ್ ಗಿಟಾರ್ ಎಂಬುದನ್ನು ನೆನೆಯುವವರು ಕಡಿಮೆ.

ಅಂದಿನ ಮಿಕ್ಸರ್‌ಗಳಲ್ಲಿ ಇಂದಿನ ಅರ್ಥದ ಎಫೆಕ್ಟ್ ಇರಲೇ ಇಲ್ಲ. ಇದ್ದದ್ದು ‘ಎಕೋ ಸೆಂಡ್’ ಎಂಬ ಒಂದು ತಿರುಪು. ದನಿಯ ಒಂದು ಪಾಲನ್ನು ಅದು ಹೊರಗೆ ಕಳಿಸುತ್ತಿತ್ತು. ಹೊರಗೆ ಅಂದರೆ ನಿಜವಾಗಿ ಹೊರಗೆ: ಪಕ್ಕದ ಖಾಲಿ ಕೋಣೆಗೆ. ಅಲ್ಲೊಂದು ಸ್ಪೀಕರ್, ಇನ್ನೊಂದು ಮೂಲೆಯಲ್ಲಿ ಮೈಕು. ಸ್ಪೀಕರ್ ಹಾಡಿದ್ದು ಗೋಡೆಗಳಿಗೆ ಬಡಿದು ಮೈಕಿಗೆ ಬಂದು, ಅಲ್ಲಿಂದ ಮಿಕ್ಸರ್‌ಗೆ ಮರಳುತ್ತಿತ್ತು. ಷಿಕಾಗೋದಲ್ಲಿ ಬಿಲ್ ಪಟ್ನಮ್ 1947ರಲ್ಲಿ ಹಾರ್ಮೋನಿಕಾಟ್ಸ್ ಎಂಬ ತಂಡದ ಮುದ್ರಣಕ್ಕೆ ಕಟ್ಟಡದ ಬಚ್ಚಲನ್ನೇ ಹೀಗೆ ಬಳಸಿದ. ಅಣ್ಣಾವ್ರ ಹಾಡನ್ನು ಬಚ್ಚಲಲ್ಲಿ ಹಾಡಿ ತಮ್ಮ ಕಂಠಕ್ಕೆ ತಾವೇ ಮರುಳಾದ ಕನ್ನಡಿಗರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ.

ಸೆಂಡ್ ಮತ್ತು ರಿಟರ್ನ್ ಎಂಬ ಈ ಜೋಡಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ. ಹೊರಟವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಸೆಂಡಿನ ದಾರಿ ಹಿಡಿದ ದನಿ ಹೋಗಿ ಬರುವ ದನಿ. ಮೂಲ ದನಿ ಮನೆಯಲ್ಲೇ ಇರುತ್ತದೆ, ಅದರ ನಕಲು ತಿರುಗಾಡಿ ಬಂದು ಪಕ್ಕದಲ್ಲಿ ಕೂರುತ್ತದೆ. ಪೆಡಲಿನ ದಾರಿ ಹಾಗಲ್ಲ. ಗಿಟಾರಿನಿಂದ ಹೊರಟ ದನಿ ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಹೊಕ್ಕು, ಬದಲಾಗಿ, ಆಮೇಲೆ ಮಿಕ್ಸರ್ ಸೇರುತ್ತದೆ. ಹಳೆಯ ರೂಪ ಎಲ್ಲೂ ಉಳಿದಿರುವುದಿಲ್ಲ. ಬೇಸ್‌ನ ಮಟ್ಟಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುತ್ತದೆ.

ಕೋಣೆಯ ಜಾಗವನ್ನು 1957ರಲ್ಲಿ ಒಂದು ಹಲಗೆ ಹಿಡಿಯಿತು. ಜರ್ಮನಿಯ ಇಎಂಟಿ ಕಂಪನಿಯ 140 ಎಂಬ ಸಾಧನದಲ್ಲಿ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳುವಾದ ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು ತೂಗುಹಾಕಿರುತ್ತಿದ್ದರು. ದನಿ ಅದನ್ನು ನಡುಗಿಸಿದರೆ ನಡುಕ ಕೆಲವು ಸೆಕೆಂಡು ಉಳಿಯುತ್ತಿತ್ತು. ತೂಕ 270 ಕೆಜಿ ಆಸುಪಾಸು. ಭೋರಿನ ಇಂದಿನ ಮಿಕ್ಸರ್‌ನ ಪಟ್ಟಿಯಲ್ಲಿ ‘ಪ್ಲೇಟ್’ ಎಂದಿರುವುದು ಈ ಹಾಳೆಯೇ. ಗುಂಡಿ ತಿರುಗಿಸುವ ಹುಡುಗನಿಗೆ ಅದು ಊಟದ ತಟ್ಟೆಯ ನೆನಪು ತಂದರೆ ತಪ್ಪೇನಿಲ್ಲ.

ಈ ಯಾವುದನ್ನೂ ಅಂದಿನ ಇಂಜಿನಿಯರ್‌ಗಳು ಬೇಸ್‌ಗೆ ಹಾಕುತ್ತಿರಲಿಲ್ಲ, ಹಾಕಿದರೂ ಚಿಟಿಕೆಯಷ್ಟು. ಇದರ ಹಿಂದೆ ಭೌತಶಾಸ್ತ್ರವಿದೆ. 1890ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲ ಎಂಬ ದೂರಿತ್ತು. ವ್ಯಾಲೇಸ್ ಸಬೈನ್ ಎಂಬ ಯುವ ಅಧ್ಯಾಪಕ ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ ಹಿಡಿದು ರಾತ್ರಿಹೊತ್ತು ಅಳತೆಗೆ ಕೂತ. ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಒಂದೊಂದಾಗಿ ಹಾಸಿ, ದನಿ ಸಾಯಲು ಎಷ್ಟು ಹೊತ್ತು ಬೇಕೆಂದು ನೋಡಿದ. ಮೆತ್ತೆ ಹೆಚ್ಚಿದಷ್ಟೂ ದನಿ ಬೇಗ ಸತ್ತಿತು. ಅನುರಣನವನ್ನು ಲೆಕ್ಕ ಹಾಕುವ ಸೂತ್ರ ಬಂದದ್ದು ಅಲ್ಲಿಂದ. ಮೆತ್ತೆ, ಪರದೆ, ಜನರ ಮೈಬಟ್ಟೆ ಎಲ್ಲವೂ ತಾರಕ ದನಿಯನ್ನು ಸುಲಭವಾಗಿ ಹೀರುತ್ತವೆ, ಮಂದ್ರವನ್ನು ಅಷ್ಟು ಸುಲಭವಾಗಿ ಹೀರವು. ಹಾಗಾಗಿ ಕಲ್ಯಾಣಮಂಟಪ ಜನರಿಂದ ಕಿಕ್ಕಿರಿದಾಗ ಗಾಯಕಿಯ ದನಿ ಸ್ವಚ್ಛವಾಗುತ್ತದೆ, ಬೇಸ್ ಮಾತ್ರ ನೆಲದ ಮೇಲೆ ಚೆಲ್ಲಿದ ಎಣ್ಣೆಯ ಹಾಗೆ ಹರಡಿಕೊಂಡೇ ಇರುತ್ತದೆ.

ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಎಂಟು ಮೀಟರ್ ದಾಟುತ್ತದೆ. ಅಷ್ಟು ಉದ್ದದ ಅಲೆಗೆ ಅನುರಣನದ ಬಾಲ ಬೇರೆ ಅಂಟಿಸಿದರೆ, ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತದೆ. ಡ್ರಮ್ಮಿನ ಪೆಟ್ಟುಗಳ ನಡುವೆ ಇರಬೇಕಾದ ಬಿಡುವು ತುಂಬಿಹೋಗುತ್ತದೆ. ಬೇಸ್‌ನ ಕೆಲಸ ಅರ್ಧ ಸ್ವರ, ಇನ್ನರ್ಧ ಆ ಬಿಡುವನ್ನು ಕಾಯುವುದು. ‘ಹಾಲ್’ ಗುಂಡಿ ಕೆಡಿಸುವುದು ಈ ಎರಡನೆಯ ಅರ್ಧವನ್ನು.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ಮಾರುಕಟ್ಟೆಗೆ ತಂದಾಗ ಆ ಹೆಸರಿನಲ್ಲೇ ಆಸೆ ಇತ್ತು: ನಿಖರತೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ 1960ರ ದಶಕದಲ್ಲಿ ನುಡಿಸಿದ ಬೇಸ್ ಆಂಪ್ಲಿಫೈಯರ್ ಕೂಡ ಇಲ್ಲದೆ ನೇರ ಮಿಕ್ಸರ್‌ಗೆ ಹೋಗುತ್ತಿತ್ತು. ನಡುವೆ ಡಿಐ ಎಂದು ಕರೆಯುವ ಪೆಟ್ಟಿಗೆ ಮಾತ್ರ. ಗಿಟಾರಿನ ಸುರುಳಿಯಿಂದ ಬರುವ ವಿದ್ಯುತ್ತು ಬಹಳ ನಾಜೂಕು. ಅದಕ್ಕೆ ಹತ್ತು ಲಕ್ಷ ಓಮ್‌ನ ಆಸುಪಾಸಿನ ಪ್ರತಿರೋಧವಿರುವ ಬಾಗಿಲು ಬೇಕು. ಮಿಕ್ಸರ್‌ನ ಮೈಕ್ ಬಾಗಿಲಿನಲ್ಲಿ ಇರುವುದು ಕೆಲವು ಸಾವಿರ ಓಮ್ ಅಷ್ಟೆ. ನೇರ ಚುಚ್ಚಿದರೆ ಸುರುಳಿಯ ಮೇಲೆ ಭಾರ ಬಿದ್ದು ದನಿಯ ಮೇಲ್ಪದರ ಸತ್ತುಹೋಗುತ್ತದೆ. ತಾಲ್ಲೂಕು ವೇದಿಕೆಗಳಲ್ಲಿ ‘ಈ ಮಿಕ್ಸರ್‌ನಲ್ಲಿ ಬೇಸ್‌ಗೆ ಜೀವವೇ ಇಲ್ಲ’ ಎಂದು ಬೈಸಿಕೊಳ್ಳುವ ಎಷ್ಟೋ ಮಿಕ್ಸರ್‌ಗಳ ತಪ್ಪು ಏನೂ ಇರುವುದಿಲ್ಲ. ಒಂದು ಡಿಐ ಪೆಟ್ಟಿಗೆ ಇಲ್ಲದಿರುವುದೇ ರೋಗ. ಎಫೆಕ್ಟ್‌ಗೆ ದುಡ್ಡು ಕೂಡಿಡುವ ಮೊದಲು ಇದಕ್ಕೆ ಕೂಡಿಡುವುದು ಜಾಣತನ. ಜನರೇಟರ್ ಮೇಲೆ ನಡೆಯುವ ಜಾತ್ರೆಯ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದೆ ‘ಹುಂ’ ಎಂದು ಗುಂಯ್‌ಗುಡುವ ಸದ್ದನ್ನು ತಡೆಯಲೂ ಅದರ ಮೇಲಿನ ‘ಗ್ರೌಂಡ್ ಲಿಫ್ಟ್’ ಸ್ವಿಚ್ಚೇ ಬೇಕು.

ನಮ್ಮ ಕಡೆಗೆ ಬಂದರೆ, 1980ರ ದಶಕದ ತನಕವೂ ಕನ್ನಡ ಚಿತ್ರಗೀತೆಗಳ ಬಹುಪಾಲು ಮುದ್ರಣವಾದದ್ದು ಮದ್ರಾಸಿನಲ್ಲಿ. ಡಜನುಗಟ್ಟಲೆ ವಾದಕರು ಒಂದೇ ಹೊತ್ತಿಗೆ ಕೂತು ನುಡಿಸುತ್ತಿದ್ದ ಕಾಲ. ತಪ್ಪಿದರೆ ಎಲ್ಲರೂ ಮೊದಲಿಂದ. ಅಂಥ ಕಡೆ ಬೇಸ್ ಗಿಟಾರಿನವನು ತನ್ನ ಪೆಟ್ಟಿಗೆಗಳ ಜೊತೆ ಆಟವಾಡುವುದು ಸುಲಭವಿರಲಿಲ್ಲ. ಕೊನೆಯ ಮಾತು ಗಾಜಿನ ಆಚೆ ಕೂತ ಧ್ವನಿಗ್ರಾಹಕನದು. ಆ ಶಿಸ್ತಿನಿಂದ ಬಂದ ಫಲಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ 1983ರದು, ಸಂಗೀತ ಇಳಯರಾಜ. ಅದರ ‘ನಗುವ ನಯನ’ ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ್ದಾರೆ. ಅದರ ರಾಗ ಮುಂದೆ ಮೊಬೈಲ್ ಕಂಪನಿಯ ಜಾಹೀರಾತಿಗೂ ಹೋಗಿ ಕನ್ನಡ ಬಾರದವರ ಬಾಯಲ್ಲೂ ಕೂತಿತು. ಒಮ್ಮೆ ಗಾಯಕರನ್ನು ಬಿಟ್ಟು ಕೆಳಗಿನ ಬೇಸ್ ಒಂದನ್ನೇ ಹಿಡಿದು ಕೇಳಿ ನೋಡಿ. ಅದು ಬರೀ ತಾಳಕ್ಕೆ ಹೆಜ್ಜೆ ಹಾಕುವುದಿಲ್ಲ, ತನ್ನದೇ ಇನ್ನೊಂದು ರಾಗವನ್ನು ಕಟ್ಟುತ್ತ ನಡೆಯುತ್ತದೆ. ಇಳಯರಾಜರ ಬೇಸ್ ಸಾಲುಗಳಿಗೆ ಈ ಸ್ವಭಾವವಿದೆ. ಇಂಥ ಸಾಲಿಗೆ ಗುಮ್ಮಟ ಹಾಕಿದರೆ ಎರಡನೆಯ ರಾಗ ಸತ್ತೇಹೋಗುತ್ತದೆ. ನಡೆಯುವ ಬೇಸ್‌ಗೆ ಒಣನೆಲ ಬೇಕು.

ಬೆಂಗಳೂರಿನಲ್ಲಿ ಶಂಕರ್ ನಾಗ್ ಸೋದರರು ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಕನ್ನಡಕ್ಕೆ ಮನೆಯಲ್ಲೇ ಒಂದು ಒಳ್ಳೆಯ ಮಿಕ್ಸರ್ ಸಿಕ್ಕಿತು. ಅದೊಂದು ಬೇರೆಯೇ ಪ್ರಬಂಧಕ್ಕೆ ಆಗುವ ಕತೆ.

ಇತ್ತ ಭೋರಿಗೆ ಹತ್ತಿರದ ಬಾಂಬೆಯಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಆರ್.ಡಿ. ಬರ್ಮನ್ ತಂಡದಲ್ಲಿ ಟೋನಿ ವಾಜ್ ಬೇಸ್ ಗಿಟಾರ್ ನುಡಿಸುತ್ತಿದ್ದರು. 1971ರ ‘ದಮ್ ಮಾರೋ ದಮ್’ನಲ್ಲಿ ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ ನುಡಿಸಿದ ಚರಣಜಿತ್ ಸಿಂಗ್, ಗಿಟಾರು, ಬೇಸು ಎಲ್ಲವನ್ನೂ ಬಲ್ಲ ವಾದಕ. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಬೆಳ್ಳಿಬಣ್ಣದ ಪೆಟ್ಟಿಗೆ ಮಾರಿತು. ಒಂಟಿಯಾಗಿ ನುಡಿಸುವ ಗಿಟಾರಿನವರಿಗೆ ಬೇಸ್ ವಾದಕನ ಬದಲಿಗೆ ಅದು ಇರಲಿ ಎಂಬ ಉದ್ದೇಶ. ಯಾರಿಗೂ ಹಿಡಿಸದೆ 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಆದರೆ ಚರಣಜಿತ್ ಸಿಂಗ್ 1982ರಲ್ಲೇ ಅದನ್ನೂ ಟಿಆರ್-808 ಡ್ರಮ್ ಯಂತ್ರವನ್ನೂ ಜೂಪಿಟರ್-8 ಸಿಂಥಸೈಜರನ್ನೂ ಸೇರಿಸಿ, ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ ಧ್ವನಿಮುದ್ರಿಕೆ ಮಾಡಿದರು. ಅಂದು ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಷಿಕಾಗೋದಲ್ಲಿ ಆ್ಯಸಿಡ್ ಹೌಸ್ ಹುಟ್ಟುವ ಮೊದಲೇ ಅದೇ ಪೆಟ್ಟಿಗೆಯಿಂದ ಅಂಥದೇ ಸದ್ದು ಬಾಂಬೆಯಲ್ಲಿ ಬಂದಿತ್ತೆಂದು ಜಗತ್ತು ಹುಬ್ಬೇರಿಸಿತು. ಬೇಸ್ ವಾದಕನ ಕೆಲಸ ಕಸಿಯಲು ಬಂದ ಪೆಟ್ಟಿಗೆಯನ್ನು ಬೇಸ್ ಬಲ್ಲವನೊಬ್ಬ ರಾಗ ಹೇಳಲು ಬಳಸಿದ. ಪೆಟ್ಟಿಗೆ ಹೊರಗೆ, ವಾದಕನ ಎದುರಿಗೆ, ಬೆರಳಿಗೆ ಸಿಗುವ ಹಾಗೆ ಇದ್ದರೆ ಇಂಥವು ನಡೆಯುತ್ತವೆ.

ಪೆಡಲುಗಳ ಕಾಲ ಶುರುವಾದದ್ದು ಇದಕ್ಕೂ ಮೊದಲು. 1965ರಲ್ಲೇ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿನಲ್ಲಿ ಗರಗರದ ಬೇಸ್ ನುಡಿಸಿದ್ದ. ಆದರೆ ಆ ಮುದ್ರಣದಲ್ಲಿ ಬೇಸ್ ಎರಡು ಸಲ ಇದೆ: ಒಂದು ಸ್ವಚ್ಛ, ಇನ್ನೊಂದು ಗರಗರ. ಕಾರಣ ಸರಳ. ಫಜ್ ದನಿಯ ತಲೆಯನ್ನು ಕತ್ತರಿಸಿ ಮೇಲಿನ ಸ್ವರಾಂಶಗಳನ್ನು ಕೆರಳಿಸುತ್ತದೆ, ಬುಡದ ತೂಕ ತೆಳುವಾಗುತ್ತದೆ. ಗಿಟಾರಿಗೆ ಅದು ನಷ್ಟವಲ್ಲ. ಬೇಸ್‌ಗೆ ಅದು ಅಡಿಪಾಯ ತೆಗೆದು ಮಹಡಿ ಕಟ್ಟಿದ ಹಾಗೆ. ಮುಂದೆ ಬೇಸ್‌ಗೆಂದೇ ಮಾಡಿದ ಪೆಡಲುಗಳಲ್ಲಿ ‘ಬ್ಲೆಂಡ್’ ಎಂಬ ತಿರುಪು ಬಂತು. ಅದು ಮೂಲ ದನಿಯ ಒಂದು ಪಾಲನ್ನು ಕೆಡದಂತೆ ಪಕ್ಕಕ್ಕೆ ಎತ್ತಿಟ್ಟು ಕೊನೆಗೆ ಬೆರೆಸುತ್ತದೆ. ಅಂದರೆ ಮಿಕ್ಸರ್‌ನ ‘ಹೋಗಿ ಬರ್ತೀನಿ’ ಪದ್ಧತಿಯನ್ನೇ ಹೊರಗಿನ ಪೆಟ್ಟಿಗೆ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿತು.

1972ರ ಮ್ಯೂ-ಟ್ರಾನ್ 3 ಎಂಬ ಪೆಟ್ಟಿಗೆಯ ಬಗೆ ಇನ್ನೂ ಬೇರೆ. ತಂತಿಯನ್ನು ಎಷ್ಟು ಜೋರಾಗಿ ಮೀಟಿದರೆ ಅದರ ಬಾಯಿ ಅಷ್ಟು ಅಗಲವಾಗಿ ತೆರೆದು ‘ವ್ಹಾ’ ಅನ್ನುತ್ತದೆ. ಬೂಟ್ಸಿ ಕಾಲಿನ್ಸ್‌ನ ಬೇಸ್ ಮಾತಾಡಿದ್ದು ಇದರಿಂದ. ಇಲ್ಲೊಂದು ಸೂಕ್ಷ್ಮವಿದೆ. ಈ ಪೆಟ್ಟಿಗೆ ಬೆರಳಿನ ಒತ್ತಡವನ್ನು ಓದುತ್ತದೆ, ವಾದಕ ಅದರ ಉತ್ತರ ಕೇಳಿ ಮುಂದಿನ ಮೀಟನ್ನು ಬದಲಿಸುತ್ತಾನೆ. ಇದನ್ನೇ ಐವತ್ತು ಅಡಿ ದೂರದ ಮಿಕ್ಸರ್‌ನ ಒಳಗೆ ಇಟ್ಟು, ತಿರುಪನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಆ ಸಂಭಾಷಣೆ ಮುರಿಯುತ್ತದೆ. ಬೆರಳಿಗೆ ಉತ್ತರ ಕೊಡುವ ಎಫೆಕ್ಟ್ ಬೆರಳಿನ ಹತ್ತಿರವೇ ಇರಬೇಕು. ಪೆಡಲುಗಳ ಪೈಕಿ ಹೆಚ್ಚು ಮನೆಮಾತಾದ ಜಪಾನಿ ಬ್ರ್ಯಾಂಡಿನ ಹೆಸರು ‘ಬಾಸ್’, ವಾದ್ಯದ ಹೆಸರು ‘ಬೇಸ್’. ನಮ್ಮ ಅಂಗಡಿಗಳಲ್ಲಿ ಎರಡನ್ನೂ ಒಂದೇ ರೀತಿ ಉಚ್ಚರಿಸುವುದರಿಂದ ‘ಬಾಸ್ ಪೆಡಲ್’ ಕೇಳಿದವನಿಗೆ ಗಿಟಾರಿನ ಪೆಡಲ್ ಕೊಟ್ಟು ಕಳಿಸುವ ಗೊಂದಲಕ್ಕೆ ಭಾಷಾಶಾಸ್ತ್ರದಲ್ಲಿ ಪರಿಹಾರವಿಲ್ಲ.

ಕೋಣೆ, ಉಕ್ಕಿನ ಹಾಳೆಗಳ ಗುಮ್ಮಟವನ್ನು ಅಂಕಿಗಳಿಗೆ ಇಳಿಸಿದ್ದು 1976ರ ಇಎಂಟಿ 250, ಅದರ ಬೆನ್ನಿಗೆ 1978ರ ಲೆಕ್ಸಿಕನ್ 224. ಎರಡೂ ಸಾಮಾನ್ಯರ ಕೈಗೆ ಎಟುಕುವಂಥವಲ್ಲ. ಎಟುಕುವಂತೆ ಮಾಡಿದ್ದು 1980ರ ದಶಕದ ನಡುವೆ ಬಂದ ಯಮಹಾದ ಎಸ್‌ಪಿಎಕ್ಸ್ 90. ಒಂದು ಪುಸ್ತಕದಷ್ಟು ದಪ್ಪ, ಒಂದೇ ಪೆಟ್ಟಿಗೆಯಲ್ಲಿ ಅನುರಣನ, ಮಾರ್ದನಿ, ಕೋರಸ್, ಸ್ವರ ಬದಲಿಸುವ ಯಂತ್ರ. ಊರೂರು ಸುತ್ತುವ ಸೌಂಡ್ ಕಂಪನಿಗಳ ರ‍್ಯಾಕುಗಳಲ್ಲಿ ಅದು ಜಾಗ ಹಿಡಿಯಿತು. ಆಗಲೂ ಅದು ಮಿಕ್ಸರ್‌ನ ಹೊರಗೆ. ಒಳಗೆ ಹೋದದ್ದು 1990ರ ದಶಕದಲ್ಲಿ. ಅದೇ ಯಮಹಾ 1994ರಲ್ಲಿ ತಂದ ಪ್ರೋಮಿಕ್ಸ್ 01 ಎಂಬ ಡಿಜಿಟಲ್ ಮಿಕ್ಸರ್‌ನಲ್ಲಿ ಎಫೆಕ್ಟ್‌ಗಳು ಹುಟ್ಟಿನಿಂದಲೇ ಇದ್ದವು. ಚಿಪ್ಪು ಅಗ್ಗವಾದ ಮೇಲೆ ಮಾಮೂಲಿ ಅನಲಾಗ್ ಮಿಕ್ಸರ್‌ಗಳಿಗೂ ಅದನ್ನು ಕೂರಿಸಿದರು. ಇಂದು ಯಮಹಾದ ಸಣ್ಣ ಎಂಜಿ ಮಿಕ್ಸರ್‌ಗಳ ಮೇಲೆ ‘ಎಸ್‌ಪಿಎಕ್ಸ್’ ಎಂದು ಬರೆದಿರುವುದು, ಒಂದು ಕಾಲದಲ್ಲಿ ಪ್ರತ್ಯೇಕ ಪೆಟ್ಟಿಗೆಯಾಗಿದ್ದ ಯಂತ್ರದ ಮನೆತನದ ಹೆಸರು.

ಹೀಗೆ ಬಂದ ಸಣ್ಣ ಮಿಕ್ಸರ್ ಭೋರಿನ ವೇದಿಕೆಯ ಪಕ್ಕ ಇರುವಾಗ ಬೇಸ್‌ನವನು ಏನು ಮಾಡಬೇಕು? ಚರಿತ್ರೆಯೇ ಅರ್ಧ ಉತ್ತರ ಹೇಳಿದೆ. ದನಿಯನ್ನೇ ಬದಲಿಸುವಂಥದ್ದು, ಅಂದರೆ ಒತ್ತಡ ಸಮ ಮಾಡುವ ಕಂಪ್ರೆಸರ್, ಗರಗರ, ಬಾಯಿ ತೆರೆಯುವ ಫಿಲ್ಟರ್, ಆಕ್ಟೇವ್, ಇವು ದನಿ ಪೂರ್ತಿಯಾಗಿ ಹಾಯ್ದುಹೋಗಬೇಕಾದ ದಾರಿಗಳು. ಸಣ್ಣ ಮಿಕ್ಸರ್‌ನ ಹಂಚಿಕೆಯ ಎಫೆಕ್ಟ್‌ನಲ್ಲಿ ಅಂಥ ದಾರಿಯಿಲ್ಲ, ಅಲ್ಲಿರುವುದು ಹೋಗಿ ಬರುವ ದಾರಿ. ಆದ್ದರಿಂದ ಅವು ಪೆಡಲಾಗಿ ಹೊರಗೇ ಇರಲಿ. ಜಾಗದ ಭ್ರಮೆ ಹುಟ್ಟಿಸುವಂಥದ್ದು, ಹಾಲ್, ಪ್ಲೇಟ್, ಮಿಕ್ಸರ್‌ನಲ್ಲೇ ಇರಲಿ, ಮತ್ತು ಬೇಸ್‌ನ ಚಾನೆಲ್ಲಿನಲ್ಲಿ ಆ ತಿರುಪು ಸೊನ್ನೆಯಲ್ಲಿರಲಿ. ಬೇಸ್ ಒಂಟಿಯಾಗಿ ಹಾಡುವ ಎರಡು ಸಾಲಿಗೆ ಚಿಟಿಕೆ ಬಿಟ್ಟರೆ ಚೆಂದ, ಮುಗಿದ ಕೂಡಲೇ ಕೆಳಗಿಳಿಸುವ ನೆನಪು ಆಪರೇಟರ್‌ಗೆ ಇದ್ದರೆ. ಕೋರಸ್ ಎರಡೂ ಕಡೆ ಸಲ್ಲುತ್ತದೆ. ಆದರೆ ಒಂದೇ ಯಂತ್ರವಿರುವ ಮಿಕ್ಸರ್‌ನಲ್ಲಿ ಗಾಯಕಿಯ ಜೊತೆ ಪೈಪೋಟಿಗೆ ನಿಲ್ಲುವ ಬದಲು ಅದನ್ನೂ ಪೆಡಲಿನಲ್ಲೇ ತರುವುದು ಲೇಸು. ಪೆಡಲನ್ನು ಮಿಕ್ಸರ್‌ನ ಸೆಂಡಿಗೆ ಸೇರಿಸುವ ಉಪಾಯವೂ ಕೆಲವರಿಗೆ ಹೊಳೆಯುತ್ತದೆ. ಮಿಕ್ಸರ್‌ನ ಮಟ್ಟ ಪೆಡಲಿಗೆ ಬಹಳ ಜೋರು, ಸೆಂಡನ್ನು ಚೆನ್ನಾಗಿ ಇಳಿಸದಿದ್ದರೆ ಕೇಳುವುದು ನ್ಯಾಶ್‌ವಿಲ್‌ನ ಗರಗರವೇ.

ಅಂಗಳವೋ ಚಾವಣಿಯೋ ಎಂಬುದೂ ಮುಖ್ಯ. ಬಯಲಲ್ಲಿ ದನಿಗೆ ಮರಳಿ ಬರಲು ಗೋಡೆಯಿಲ್ಲ. ಅಲ್ಲಿ ಹಾಡಿಗೆ ಸ್ವಲ್ಪ ಗುಮ್ಮಟ ಬೇಕೇ ಬೇಕು. ಸಿಮೆಂಟಿನ ಸಭಾಭವನದಲ್ಲಿ ಗುಮ್ಮಟ ಮೊದಲೇ ಇದೆ, ಬಾಡಿಗೆಯಲ್ಲೇ ಸೇರಿದೆ.

ಇದು ಸಣ್ಣ ಮಿಕ್ಸರ್‌ಗಳ ಮಾತು. ಡಿಜಿಟಲ್ ಮಿಕ್ಸರ್ ಬಂದಲ್ಲಿ ಲೆಕ್ಕ ಬದಲಾಗುತ್ತದೆ, ಅದನ್ನು ಒಪ್ಪದ ಹಟಮಾರಿ ಪೆಡಲ್ ಭಕ್ತರು ತಮಗೇ ನಷ್ಟ ಮಾಡಿಕೊಳ್ಳುತ್ತಾರೆ. 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32ರಲ್ಲಿ ಪ್ರತಿ ಚಾನೆಲ್ಲಿಗೂ ಪ್ರತ್ಯೇಕ ಕಂಪ್ರೆಸರ್ ಇದೆ, ಹಂಚಿಕೊಳ್ಳುವ ಜಗಳವಿಲ್ಲ. ಎಫೆಕ್ಟ್‌ಗೆ ಎಂಟು ಜಾಗಗಳಿವೆ. ಹಾಡಿಗೊಂದು ಹೊಂದಿಕೆಯನ್ನು ನೆನಪಿಟ್ಟು ಒಂದೇ ಒತ್ತಿಗೆ ಮರಳಿ ತರುತ್ತದೆ. ಅಗ್ಗದ ಕಂಪ್ರೆಸರ್ ಪೆಡಲಿಗಿಂತ ಅದರ ಒಳಗಿನದು ಚೊಕ್ಕ. ಆದರೂ ತಿರುಪು ಇರುವುದು ಆಪರೇಟರ್ ಕೈಯಲ್ಲಿ. ಅವನು ಹಾಡು ಬಲ್ಲವನಾದರೆ ಅದು ಬೇಸ್‌ನವನ ಭಾಗ್ಯ. ಹಾಡುಗಳ ಪಟ್ಟಿಯನ್ನು ಮೊದಲೇ ಕೊಟ್ಟು, ಯಾವುದರಲ್ಲಿ ಬೇಸ್ ಮುಂದೆ ಬರಬೇಕೆಂದು ಗುರುತು ಹಾಕಿ, ಒಂದು ಚಹಾ ಕುಡಿಸುವುದು ಯಾವ ಪೆಡಲಿಗಿಂತಲೂ ಕಡಿಮೆ ಖರ್ಚಿನ ದಾರಿ.

ಬೇಸ್‌ಗೆ ಇನ್ನೊಂದು ತಕರಾರಿದೆ, ಅದು ವೇದಿಕೆಯ ಮೇಲಿನವರದಲ್ಲ, ಸುತ್ತಲ ಮನೆಗಳವರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾಜ್ಯ ಸರಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಆದರೆ ಈ ಅಳತೆ ‘ಎ’ ತೂಕದ ಡೆಸಿಬೆಲ್‌ನಲ್ಲಿದೆ. ಮನುಷ್ಯನ ಕಿವಿ ಮೆಲುದನಿಯಲ್ಲಿ ಮಂದ್ರವನ್ನು ಕಡಿಮೆ ಕೇಳುತ್ತದೆ ಎಂಬ ಆಧಾರದ ಮೇಲೆ ‘ಎ’ ಮಾಪಕ ಮಂದ್ರ ದನಿಯ ಲೆಕ್ಕವನ್ನು ಕಳೆಯುತ್ತದೆ. 63 ಹರ್ಟ್ಜ್‌ನಲ್ಲಿ 26 ಡೆಸಿಬೆಲ್, 40 ಹರ್ಟ್ಜ್‌ನಲ್ಲಿ 34ಕ್ಕೂ ಹೆಚ್ಚು. ಹಾಡುಗಾರ್ತಿಯ ದನಿ ಮಾಪಕದ ಮುಳ್ಳನ್ನು ಮೊದಲು ಕುಣಿಸುತ್ತದೆ, ಬೇಸ್ ಅದರ ಕಣ್ಣು ತಪ್ಪಿಸಿ ನಡೆಯುತ್ತದೆ. ಎಂಟು ಮೀಟರಿನ ಅಲೆಯನ್ನು ಮನೆಯ ಗೋಡೆ ತಡೆಯುವುದೂ ಕಷ್ಟ. ಕಿಟಕಿಯ ಗಾಜು, ಅಡುಗೆಮನೆಯ ಡಬ್ಬಿಗಳು, ಮಲಗಿದ ಮುದುಕರ ಎದೆ, ಇವಕ್ಕೆ ತಾಗುವುದು ಮಾಪಕದ ಕಾಗದಕ್ಕೆ ಅಷ್ಟಾಗಿ ತಾಗುವುದಿಲ್ಲ. ಒಣ, ಬಿಗಿಯಾದ ಬೇಸ್ ಕಡಿಮೆ ಸದ್ದಿನಲ್ಲೂ ಸ್ಪಷ್ಟ ಕೇಳುತ್ತದೆ. ಗುಮ್ಮಟ ಹಾಕಿ ಮಸುಕಾದ ಬೇಸ್ ಕೇಳುತ್ತಿಲ್ಲವೆಂದು ಆಪರೇಟರ್ ಫೇಡರನ್ನು ಮೇಲಕ್ಕೆ ತಳ್ಳುತ್ತ ಹೋಗುತ್ತಾನೆ. ಆ ತಳ್ಳಿದ ಪಾಲೇ ಬೀದಿಯಾಚೆಯ ಮನೆಗಳಿಗೆ ಹೋಗುವುದು.

ಎಕ್ಸ್32ರ ಎಫೆಕ್ಟ್ ಪಟ್ಟಿಯನ್ನು ಪೂರ್ತಿ ಇಳಿದರೆ ಹಾಲ್, ಪ್ಲೇಟ್, ಕೋರಸ್ ಎಲ್ಲ ದಾಟಿ ಕೆಳಗೆ ಇನ್ನೆರಡು ಹೆಸರು ಸಿಗುತ್ತವೆ: ‘ಗಿಟಾರ್ ಆಂಪ್’, ‘ಟ್ಯೂಬ್ ಸ್ಟೇಜ್’. ಎರಡೂ ದನಿಯನ್ನು ಹಳೆಯ ಉಪಕರಣದ ಹಾಗೆ ಬೇಕೆಂದೇ ಸ್ವಲ್ಪ ಕೆಡಿಸುತ್ತವೆ. ಬೇಸ್‌ನ ಚಾನೆಲ್ಲಿಗೆ ಅವುಗಳಲ್ಲಿ ಒಂದನ್ನು ಪೂರ್ತಿ ದಾರಿಯಾಗಿ ಸೇರಿಸಲು ಸಾಧ್ಯ. 1960ರಲ್ಲಿ ಒಂದು ಮಿಕ್ಸರ್‌ನೊಳಗೆ ತಾನಾಗಿ ಕೆಟ್ಟು, 1962ರಲ್ಲಿ ಕಾಲಡಿಯ ಪೆಟ್ಟಿಗೆಯಾಗಿ ಹೊರಬಂದ ಸದ್ದು ಈಗ ಮತ್ತೆ ಮಿಕ್ಸರ್‌ನೊಳಗೆ ಎಂಟು ಜಾಗಗಳಲ್ಲಿ ಒಂದನ್ನು ಹಿಡಿದು ಕೂತಿದೆ. ಗಾಯಕಿಗೆ ಎರಡು, ಢೋಲಕಿಗೆ ಒಂದು, ಕೊಳಲಿಗೆ ಒಂದು ಕೊಟ್ಟ ಮೇಲೂ ಬೇಸ್‌ಗೆಂದು ಒಂದು ಜಾಗ ಉಳಿದಿರುತ್ತದೆ.